ಒಳಪಟ್ಟಿಯ ನಂಬರು

"ಬೆರಳು ತೆಗಿ."

ಅತ್ತೆಯ ದನಿ ದೊಡ್ಡದಾಗಿರಲಿಲ್ಲ. ಆದರೂ ಸೊಸೆಯ ಬೆರಳು ಮೌಸಿನ ಮೇಲೆ ಕಲ್ಲಾಯಿತು. ಕಂಪ್ಯೂಟರಿನ ಪರದೆಯ ನಡುವೆ ಒಂದು ಕೆಂಪು ಗುಂಡಿ, ಅದರೊಳಗೆ ಎರಡೇ ಪದ: ಸೈಟ್ ಮುಚ್ಚಿ.

"ಗಂಟೆ ಹನ್ನೊಂದಾಗ್ತಾ ಬಂತು ಅತ್ತೆ. ಐದಕ್ಕೆ ಗಡುವು."

"ಐದಕ್ಕೆ ತಾನೆ? ಇನ್ನೂ ಆರು ತಾಸಿದೆ. ಒಂದೇ ಪಾಳಿಯ ಆರು ತಾಸಿನಲ್ಲಿ ನಾನು ಅರ್ಧ ಊರನ್ನ ಇನ್ನರ್ಧ ಊರಿನ ಜೊತೆ ಮಾತಾಡಿಸಿದ್ದೀನಿ. ಬೆರಳು ತೆಗಿ ಅಂದೆ."

ಸೊಸೆ ಕೈ ಹಿಂದಕ್ಕೆ ಎಳೆದುಕೊಂಡು, ಅಭ್ಯಾಸದಂತೆ ಕಿವಿಯ ಮೇಲಿನ ಕೂದಲನ್ನೊಮ್ಮೆ ಒತ್ತಿ ಸರಿಮಾಡಿಕೊಂಡಳು. ಸುತ್ತ ಮೂರು ಗೋಡೆಗೂ ಹಲಗೆ; ಹಲಗೆಯ ತುಂಬ ಮರದ ತಲೆಗಳು. ಕೆಲವು ಬೋಳು, ಕೆಲವು ಅರ್ಧ ಕೂದಲು ಹೊತ್ತವು. ಕಾಯಿಲೆಯಿಂದಲೋ, ಔಷಧದಿಂದಲೋ, ಸುಮ್ಮನೆ ಹಣೆಬರಹದಿಂದಲೋ ಕೂದಲು ಕಳೆದುಕೊಂಡವರಿಗೆ ಇಲ್ಲಿ ವಿಗ್ ಕಟ್ಟಿಕೊಡುತ್ತಿದ್ದರು. ತೆಳ್ಳನೆಯ ಬಲೆಬಟ್ಟೆಗೆ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲನ್ನು ಗಂಟು ಹಾಕುವ ಕೆಲಸ. ಒಂದು ತಲೆಗೆ ಆರು ವಾರ.

ಬೀದಿಯ ಕೊನೆಯ ಗಡಿಯಾರದ ಗೋಪುರ ಹನ್ನೊಂದು ಹೊಡೆಯಿತು. ಅದರ ಸುತ್ತಿಗೆ ಸಡಿಲವಾಗಿ ವರ್ಷಗಳೇ ಆಗಿದ್ದವು. ಮೂರನೆಯ ಹೊಡೆತ ಮಾತ್ರ ಯಾವಾಗಲೂ ಅಂಚಿಗೆ ತಾಗಿ, ಮುದುಕ ಕೆಮ್ಮಿದ ಹಾಗೆ ಕೇಳುತ್ತಿತ್ತು. ಜಗತ್ತಿನಲ್ಲಿ ಹಾಗೆ ಕೆಮ್ಮುವ ಗಡಿಯಾರ ಇದೊಂದೇ ಎಂದು ಬೀದಿಯವರ ಹೆಮ್ಮೆ.

ಮಂಗಳವಾರ ಬಂದ ಮೊದಲ ಬೆದರಿಕೆಯನ್ನು ಯಾರದೋ ತಲೆಹರಟೆ ಎಂದು ಅಳಿಸಿ ಹಾಕಿದ್ದರು. ಈ ದಿನ ಬೆಳಿಗ್ಗೆ, ಗುರುವಾರ, ಎರಡನೆಯದು ಬಂದಿತ್ತು. ಅದೂ ಅಂಗಡಿಯ ಸೈಟಿನಲ್ಲೇ ಇರುವ 'ನಮಗೆ ಬರೆಯಿರಿ' ಎಂಬ ಪೆಟ್ಟಿಗೆಯ ಮೂಲಕ. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡವರು, "ಸುಮ್ನೆ ಮುಚ್ಚಿಬಿಡಿ ತಾಯಿ, ಯಾಕೆ ರಗಳೆ" ಎಂದು ಪುಕ್ಕಟೆ ಸಲಹೆಯನ್ನೂ ಕೊಟ್ಟು ಕಳಿಸಿದ್ದರು.

"ಇನ್ನೊಂದು ಸಲ ಓದು," ಎಂದರು ಅತ್ತೆ. "ನಿಧಾನವಾಗಿ. ಕಣ್ಣಲ್ಲಿ ಓದ್ಬೇಡ, ಬಾಯಲ್ಲಿ ಓದು."

ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಮನಸ್ಸಿನಲ್ಲೇ ದೇವರಿಗೆ ಕೈಮುಗಿದರು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿದ್ದ ಹೆಂಗಸು. ಲೈನಿನಲ್ಲಿ ಒಬ್ಬರ ಉಸಿರಿದೆಯೋ ಇಬ್ಬರದಿದೆಯೋ ಎಂದು ಮಾತು ಶುರುವಾಗುವ ಮೊದಲೇ ಹೇಳಬಲ್ಲವರು. ನಿವೃತ್ತಿಯಾದ ಮೇಲೆ ಆ ಕಿವಿ ಸುಮ್ಮನಿರಲಿಲ್ಲ. ಕಳೆದುಹೋದ ಹಲ್ಲಿನ ಸೆಟ್ಟಿನಿಂದ ಹಿಡಿದು ಓಡಿಹೋದ ಮದುಮಗನವರೆಗೆ ಎಲ್ಲವನ್ನೂ ಕೂತಲ್ಲೇ ಪತ್ತೆ ಮಾಡಿ, ಬೀದಿಗೆಲ್ಲ 'ಎಕ್ಸ್‌ಚೇಂಜ್ ಅತ್ತೆ' ಆಗಿದ್ದರು. ಈ ಸಲ ಕಳ್ಳ ಅವರ ಮನೆಯ ಹೊಸ್ತಿಲನ್ನೇ ದಾಟಿದ್ದ.

ಸೊಸೆ ಓದಿದಳು: "'ದಯವಿಟ್ಟು ಸೈಟು ಮುಚ್ಚಿ. ಅಂಗಡಿ ಕಾಯಂ ಮುಚ್ಚಿದ್ದೇವೆ ಎಂದು ಅದರ ಮೇಲೆ ಬರೆಯಿರಿ. ಗುರುವಾರ ಸಂಜೆ ಐದರೊಳಗೆ ಬರೆಯದಿದ್ದರೆ ಈ ಹನ್ನೊಂದು ತಲೆಗಳೂ ಊರಿನ ಫೋನುಗಳಲ್ಲಿ ಓಡಾಡುತ್ತವೆ. ದಯವಿಟ್ಟು.'"

"ನಿಲ್ಸು. ಬೆದರಿಸೋನು ಎರಡು ಸಲ ದಯವಿಟ್ಟು ಅಂತಾನಾ?"

"ಮರ್ಯಾದಸ್ಥ ಕಳ್ಳ ಇರ್ಬೇಕು."

"ಹ್ಞೂಂ. ಕೆಳಗೆ ಬರೆದಿರೋ ಹೆಸರು ಓದು."

ಹೆಸರೆಂದರೆ ನಿಜವಾದ ಹೆಸರಲ್ಲ. ಗಿರಾಕಿಗಳ ಗುಟ್ಟು ಉಳಿಯಲೆಂದು ಪ್ರತಿಯೊಬ್ಬರಿಗೂ ಅಂಗಡಿಯೇ ಒಂದು ಅಡ್ಡಹೆಸರು ಇಡುತ್ತಿತ್ತು. ಆದರೆ ಸೈಟಿನ ಅವರವರ ಪುಟದಲ್ಲಿ ಆ ಹೆಸರಿನ ಕೆಳಗೆ, ಅಳತೆಗೆಂದು ಅವರೇ ಕಳಿಸಿದ ಬೋಳುತಲೆಯ ಫೋಟೋ ಇರುತ್ತಿತ್ತು. ಮನೆಯ ಕನ್ನಡಿಗೂ ತೋರಿಸಲು ಹಿಂಜರಿದ ಮುಖಗಳು. ಕಳ್ಳನ ಕೈಯಲ್ಲಿದ್ದದ್ದು ಆ ಹನ್ನೊಂದು ಫೋಟೋ.

"ಈಜು ಟೀಚರ್, ನೀಲಿ ಸ್ಕಾರ್ಫು, ಎರಡು ಸುಳಿ, ಬೇಕರಿಯವರು, ಗುಂಗುರಮ್ಮ, ಹೊಸ ಮೇಷ್ಟ್ರು. ಆಮೇಲೆ ನಗುಮುಖ, ಬಸ್ ಡ್ರೈವರ್, ಅವಳಿ, ಬಿಳಿಜಡೆ, ಮೌನಿ. ಅಷ್ಟೇ."

ಅತ್ತೆಯ ಬೆರಳುಗಳು ಮಂಡಿಯ ಮೇಲೆ ತಾಳ ಹಾಕುತ್ತಿದ್ದವು. ಚಿಕ್ಕಂದಿನಲ್ಲಿ ಅಜ್ಜನ ಮಗ್ಗುಲಲ್ಲಿ ಕೂತು, ಅವರು ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ಕೇಳುತ್ತ ನಿದ್ದೆ ಹೋದ ಕಿವಿ ಅದು. ಒಂದು ಮಾತ್ರೆ ಜಾರಿದರೂ ನಿದ್ದೆಯಿಂದ ಎಚ್ಚರವಾಗುತ್ತಿತ್ತು. ಈಗಲೂ ಹಾಗೇ ಆಯಿತು. ಏನೋ ಜಾರಿದೆ.

ವಿಗ್ಗುಗಳು ತೊಳೆಯಲು ವಾಪಸು ಬಂದಾಗ ಅದಲುಬದಲಾಗದಿರಲಿ ಎಂದು ಪ್ರತಿಯೊಂದರ ಒಳಪಟ್ಟಿಗೂ ಕೆಂಪು ದಾರದಲ್ಲಿ ಒಂದು ನಂಬರು ಹೊಲಿಯುತ್ತಿದ್ದರು. ಹೊಲಿಯುವವರು ಅತ್ತೆಯೇ. ಟೆಲಿಫೋನ್ ನಂಬರುಗಳು ತುಂಬಿದ್ದ ತಲೆಯಲ್ಲಿ ಈಗ ಆ ನಂಬರುಗಳು ವಾಸವಾಗಿದ್ದವು.

"ಈಜು ಟೀಚರ್ ಇನ್ನೂರ ಹದಿನೈದು," ಎಂದರು ಕಣ್ಣು ತೆರೆಯದೆ. "ಅಲ್ಲಿಂದ ಒಂದೊಂದೇ ಮೆಟ್ಟಿಲು ಮೇಲೆ. ಹೊಸ ಮೇಷ್ಟ್ರು ಇನ್ನೂರ ಇಪ್ಪತ್ತು, ಅದೇ ಕೊನೇದು. ಮೇಲೆ ಹೋಗಿ ದಾರಿ ಮುಗೀತು. ವಾಪಸ್ ಬಂದ. ನಗುಮುಖ ಇನ್ನೂರ ಹದಿಮೂರು. ಅಲ್ಲಿಂದ ಕೆಳಕ್ಕೆ ಇಳಿದ, ಇನ್ನೂರ ಒಂಬತ್ತರವರೆಗೆ."

"ಅಂದ್ರೆ?"

"ಹದಿನೈದರಿಂದ ಮೇಲೆ, ಹದಿಮೂರರಿಂದ ಕೆಳಗೆ. ಅವನು ನಿಂತಿದ್ದ ಜಾಗ ಯಾವುದು ಹಾಗಾದ್ರೆ?"

ಸೊಸೆಯ ಕೈ ಮತ್ತೆ ಕಿವಿಯ ಮೇಲಿನ ಕೂದಲಿಗೆ ಹೋಯಿತು.

"ಇನ್ನೂರ ಹದಿನಾಲ್ಕು," ಎಂದರು ಅತ್ತೆ. "ಅದೊಂದನ್ನ ಬಿಟ್ಟಿದ್ದಾನೆ. ಪೋಸ್ಟಿನವಳು ಅಂತ ನೀನು ಹೆಸರಿಟ್ಟಿದ್ದೆಯಲ್ಲ, ಅಂಗಡಿಗೆ ಬರದೆ ಪೋಸ್ಟಲ್ಲೇ ಅಳತೆ ಕಳ್ಸಿದ್ಲು ಅಂತ? ಯಾರವಳು?"

"ನೆನಪಿಲ್ಲ ಅತ್ತೆ."

ಉತ್ತರ ಬರಲು ಅರ್ಧ ಉಸಿರು ತಡವಾಯಿತು. ಅತ್ತೆ ಅದನ್ನು ಕೇಳಿಸಿಕೊಂಡರು. ಏನೂ ಹೇಳದೆ ಸೆರಗಿನ ತುದಿಗೆ ಗಂಟು ಹಾಕುವ ಹಾಗೆ ಮನಸ್ಸಿನಲ್ಲೇ ಗಂಟು ಹಾಕಿಟ್ಟುಕೊಂಡರು.

"ಪುಟ್ಟನ್ನ ಕರಿ," ಎಂದರು.

* * *

ಪುಟ್ಟನಿಗೆ ನಲವತ್ತೊಂದು ವರ್ಷ. ಅತ್ತೆಯ ಕಿರಿಯ ಮಗ. ತಲೆ ಬೋಳಾಗಿ ಬಹಳ ಕಾಲವಾಗಿದ್ದರೂ ಮನೆಯಲ್ಲೇ ಇರುವ ವಿಗ್ ಅಂಗಡಿಯ ಕಡೆ ತಲೆ ಹಾಕದ ಹಟಮಾರಿ. ಹೂವಿನಂಗಡಿ, ಸೈಕಲ್ ಅಂಗಡಿ, ಹಲ್ಲಿನ ಡಾಕ್ಟರು ಅಂತ ಸಣ್ಣಪುಟ್ಟವರಿಗೆ ಸೈಟು ಕಟ್ಟಿಕೊಡುವುದು ಅವನ ಕಸುಬು. ಅತ್ತಿಗೆಯ ಸೈಟೂ ಅವನದೇ ಕೈಕೆಲಸ.

"ಊಟ ಅರ್ಧಕ್ಕೆ ಬಿಟ್ಟು ಬಂದಿದ್ದೀನಿ ಅಮ್ಮಾ."

"ಇನ್ನರ್ಧ ಆಮೇಲೆ ಉಣ್ಣು. ಕೂತ್ಕೋ. ಆರು ವರ್ಷದ ಹಿಂದೆ ಈ ಸೈಟು ಕಟ್ಟಿದ್ಯಲ್ಲ, ಅದಾದ್ಮೇಲೆ ಅದರ ಮುಖ ನೋಡಿದ್ದು ಯಾವಾಗ?"

"ಅದು ಓಡ್ತಾನೇ ಇತ್ತಲ್ಲಮ್ಮ."

"ಹುಳುಕು ಹಲ್ಲೂ ಬೀಳೋ ದಿನದವರೆಗೆ ಅಗೀತಾನೇ ಇರತ್ತೆ. ತೆಗಿ, ನೋಡೋಣ."

ಪುಟ್ಟ ತೆಗೆದ. ಮೂಲೆಯಲ್ಲಿ ಒಂದು ಕಿತ್ತಳೆ ಚುಕ್ಕೆ. ನಲವತ್ಮೂರು ಅಪ್‌ಡೇಟ್ ಬಾಕಿ. ಅವನ ಕಿವಿ ಕೆಂಪಾಯಿತು.

"ಒಳಗೆ ಹೋಗೋ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

ಸೊಸೆ ಕನ್ನಡಿಯತ್ತ ಕೈ ತೋರಿಸಿದಳು. ಕನ್ನಡಿಯ ಚೌಕಟ್ಟಿನಲ್ಲಿ ಸಿಕ್ಕಿಸಿದ ಹಳದಿ ಚೀಟಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್. ವಿಗ್ ಹಾಕಿ ನೋಡಿಕೊಳ್ಳಲು ಕನ್ನಡಿಯ ಮುಂದೆ ಕೂತ ಪ್ರತಿಯೊಬ್ಬರ ಕಣ್ಣೆದುರಿಗೂ ಅದು ಆರು ವರ್ಷದಿಂದ ನಗುತ್ತಿತ್ತು.

"ಎಡಚಿಗೂ ಗೊತ್ತು," ಎಂದಳು ಸೊಸೆ ಮೆಲ್ಲಗೆ.

ಎಡಚಿ ಎಂದರೆ ಇಲ್ಲಿ ಒಂಬತ್ತು ವರ್ಷ ಗಂಟು ಹಾಕಿದ ಕೆಲಸಗಾತಿ. ಎಡಗೈಯಲ್ಲಿ ಅವಳು ಹಾಕುವ ಗಂಟು ಭೂತಗನ್ನಡಿಗೂ ಕಾಣುತ್ತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಚೌಕದ ದೊಡ್ಡ ವಿಗ್ ಅಂಗಡಿ ಅವಳನ್ನು ಎಳೆದುಕೊಂಡಿತ್ತು. ಅದೇ ದೊಡ್ಡ ಅಂಗಡಿಯವರು ಈ ಸಣ್ಣ ಅಂಗಡಿಯನ್ನೂ ನಮಗೇ ಬಿಟ್ಟುಕೊಡಿ ಎಂದು ಮೂರು ಸಲ ಹೇಳಿ ಕಳಿಸಿದ್ದರು. ಮೂರು ಸಲವೂ ಸೊಸೆ ಜಪ್ಪಯ್ಯ ಅಂದರೂ ಜಗ್ಗಿರಲಿಲ್ಲ.

"ಕೆಲಸ ಬಿಟ್ಟ ದಿನ ಬಾಗಿಲ ಕೀ ಇಸ್ಕೊಂಡೆ, ಕತ್ತರಿ ಇಸ್ಕೊಂಡೆ," ಎಂದಳು ಸೊಸೆ. "ಪಾಸ್‌ವರ್ಡ್ ಹೇಗೆ ಇಸ್ಕೊಳ್ಳೋದು ಅತ್ತೆ? ಅದು ಅವಳ ತಲೇಲಿದೆ."

"ಇಸ್ಕೊಳ್ಳೋಕಾಗಲ್ಲ, ಬದಲಾಯಿಸೋಕಾಗತ್ತೆ. ಅವತ್ತೇ ಮಾಡ್ಬೇಕಿತ್ತು."

"ಹಾಗಾದ್ರೆ ಎಡಚಿನೇ!" ಪುಟ್ಟ ಎದ್ದೇ ನಿಂತ. "ಚೌಕದವರು ಹೇಳಿಕೊಟ್ಟಿದ್ದಾರೆ, ಇವಳು ಮಾಡಿದ್ದಾಳೆ."

"ಕೂರು. ಒಳಗೆ ಹೋದವರಿಗೆ ಗಿರಾಕಿಗಳ ಪಟ್ಟಿ ಹೇಗೆ ಕಾಣತ್ತೆ?"

"ಎಲ್ಲಾ ಒಟ್ಟಿಗೆ. ಇನ್ನೂರ ಇಪ್ಪತ್ತೂ ಒಂದರ ಕೆಳಗೊಂದು."

"ಇಡೀ ಪಾತ್ರೆ ಎದುರಿಗಿರೋಳು ಒಂದೊಂದೇ ಅಗುಳು ಯಾಕೆ ಎಣಿಸ್ತಾಳೋ? ಇವನು ಮೆಟ್ಟಿಲು ಹತ್ತಿ, ಇಳಿದು, ತಡಕಾಡಿದ್ದಾನೆ. ಒಳಗೆ ಬಂದವನಲ್ಲ. ಯಾರು ಯಾವಾಗ ಬಂದ್ರು ಅಂತ ಸೈಟು ಬರ್ಕೊಳ್ಳಲ್ವಾ? ನಮ್ಮ ಎಕ್ಸ್‌ಚೇಂಜಿನಲ್ಲಿ ಪ್ರತಿ ಕರೆಗೂ ಚೀಟಿ ಇರ್ತಿತ್ತು."

"ಬರ್ಕೊಳ್ಳತ್ತೆ," ಎಂದ ಪುಟ್ಟ. ಅದನ್ನು ಹುಡುಕಿ ತೆಗೆಯಲು ಅವನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಆರು ವರ್ಷದಲ್ಲಿ ಅದನ್ನು ಅವನು ಒಮ್ಮೆಯೂ ತೆರೆದಿರಲಿಲ್ಲ.

ಓದುತ್ತ ಓದುತ್ತ ಅವನ ಮುಖ ಸಪ್ಪೆಯಾಯಿತು.

"ಸೋಮವಾರ ಬೆಳಿಗ್ಗೆ ಹತ್ತು ಐವತ್ತು. ಪಾಸ್‌ವರ್ಡ್ ಹಾಕಿ ಯಾರೂ ಒಳಗೆ ಬಂದಿಲ್ಲ. ಮೊದಲು ತೆರೆದ ಪುಟ ಇನ್ನೂರ ಹದಿನಾಲ್ಕು. ಅದನ್ನೇ ಆರು ಸಲ ತೆರೆದಿದ್ದಾರೆ. ಆಮೇಲೆ ಹದಿನೈದು, ಹದಿನಾರು... ನೀನು ಹೇಳಿದ ಹಾಗೇ ಅಮ್ಮಾ. ಆ ಹನ್ನೆರಡು ಬಿಟ್ಟು ಬೇರೆ ಯಾವ ಪುಟವನ್ನೂ ಮುಟ್ಟಿಲ್ಲ."

"ಎಲ್ಲಿಂದ?"

"ಮನೆ ಬಾಗಿಲು ಗೊತ್ತಾಗಲ್ಲ. ಊರು ಮಾತ್ರ ಸುಮಾರಾಗಿ ಗೊತ್ತಾಗತ್ತೆ." ಅವನು ತಲೆ ಎತ್ತಿದ. "ಇದೇ ಊರು."

"ಪಾಸ್‌ವರ್ಡ್ ಇಲ್ದೆ ಪುಟ ಹೇಗೋ ತೆರೆಯತ್ತೆ?"

ಪುಟ್ಟ ತನ್ನ ಫೋನನ್ನು ಅಮ್ಮನ ಕೈಗಿಟ್ಟ. ಅಂಗಡಿಯ ವಿಳಾಸ ಬರೆದು, ಕೊನೆಯಲ್ಲಿ ಇನ್ನೂರ ಹದಿನೈದು ಎಂದು ಒತ್ತು ಎಂದ. ಅತ್ತೆ ಒತ್ತಿದರು.

ಈಜು ಟೀಚರ್ ಪರದೆಯ ಮೇಲೆ ಬಂದರು. ಬರಿದಾದ ತಲೆ, ಹುಬ್ಬೂ ಇಲ್ಲ; ಕ್ಯಾಮೆರಾ ಕಡೆ ನೋಡಲಾರದೆ ಪಕ್ಕಕ್ಕೆ ಸರಿದ ಕಣ್ಣು.

ಸೊಸೆ ತಟ್ಟನೆ ಅಂಗೈಯಿಂದ ಪರದೆ ಮುಚ್ಚಿದಳು. ಸ್ನಾನದ ಮನೆಗೆ ಯಾರೋ ನುಗ್ಗಿದಾಗ ಹೆಂಗಸರು ಒಬ್ಬರಿಗೊಬ್ಬರು ಅಡ್ಡ ನಿಲ್ಲುತ್ತಾರಲ್ಲ, ಹಾಗೆ.

ಅತ್ತೆಗೆ ಮೈಯೆಲ್ಲ ಉರಿಯಿತು. "ಯಾರು ಬೇಕು, ಯಾರು ಮಾತಾಡೋದು, ಈ ಎರಡು ಮಾತು ಕೇಳದೆ ನಾನು ಒಂದೇ ಒಂದು ಲೈನೂ ಕೊಟ್ಟವಳಲ್ಲ! ಇದು ಯಾರನ್ನೂ ಏನೂ ಕೇಳದೆ ಬಾಗಿಲು ತೆಗೀತಲ್ಲೋ! ಯಾವ ಗ್ಯಾನದಲ್ಲಿ ಕಟ್ಟಿದ್ಯೋ ಇದನ್ನ?"

"ಕೇಳ್ಬೇಡ ಅಂದವಳು ನೀನೇ ಅಮ್ಮಾ."

ಅತ್ತೆ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು.

"ಮರ್ತೋಯ್ತಾ?" ಪುಟ್ಟನ ದನಿ ಏರಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ತಮ್ಮ ಪುಟ ತೆರೆಯೋಕೆ ಪ್ರತಿ ಗಿರಾಕಿಗೂ ಒಂದು ಪಾಸ್‌ವರ್ಡ್ ಇಡೋಣ ಅಂದೆ. 'ಕಾಯಿಲೆ ಬಿದ್ದವರಿಗೆ ಅದೊಂದು ಕಾಟ ಬೇರೆ ಯಾಕೋ, ಒಳಪಟ್ಟಿಯ ನಂಬರೇ ಇಟ್ಬಿಡು, ಅವರ ತಲೆ ಮೇಲೇ ಇರತ್ತೆ, ಮರೆಯೋ ಮಾತೇ ಇಲ್ಲ' ಅಂದೆ ನೀನು. 'ಹೆಸರಿಲ್ಲ, ಬರೀ ನಂಬರು, ನಂಬರಿನಿಂದ ಯಾರಿಗೇನು ಗೊತ್ತಾಗತ್ತೆ' ಅಂದೆ. ನಾನೂ ಹ್ಞೂಂ ಅಂದೆ. ತಪ್ಪು ನಂದೂ ಇದೆ. ಆದ್ರೆ ಅರ್ಧ ನಿಂದು."

ಅತ್ತೆ ನಾಲಿಗೆ ಕಚ್ಚಿಕೊಂಡರು. ನಿಜ. ಎಕ್ಸ್‌ಚೇಂಜಿನಲ್ಲಿ ನಂಬರು ಗುಟ್ಟು ಕಾಯುತ್ತಿತ್ತು, ಏಕೆಂದರೆ ನಂಬರಿಗೂ ಮನುಷ್ಯನಿಗೂ ನಡುವೆ ತಾವು ಕೂತಿರುತ್ತಿದ್ದರು. ಇಲ್ಲಿ ನಡುವೆ ಯಾರೂ ಇರಲಿಲ್ಲ. ಒಂದು ವಿಗ್ ಕೈಗೆ ಸಿಕ್ಕಿದವನಿಗೆ ಒಂದು ನಂಬರು ಸಿಕ್ಕಿತು. ಒಂದು ಸಿಕ್ಕಿದವನಿಗೆ ಪಕ್ಕದ್ದೂ ಸಿಕ್ಕಿತು. ಕರುಣೆಯಿಂದ ತೆರೆದಿಟ್ಟ ಕಿಟಕಿಯಲ್ಲೇ ಕಳ್ಳ ಇಣುಕಿದ್ದ.

ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ಇನ್ನೂರ ಇಪ್ಪತ್ತು ನಂಬರು ಹೊಲಿದ ಕೈ.

"ಸರಿ," ಎಂದರು. "ಕದ ತೆರೆದಿಟ್ಟವಳು ನಾನು. ಮುಚ್ಚೋಳೂ ನಾನೇ. ಕದ ಮುಚ್ತೀನಿ, ಅಂಗಡಿ ಮುಚ್ಚಲ್ಲ. ಇಂಥವರ ದಯವಿಟ್ಟಿಗೆಲ್ಲ ಸೊಪ್ಪು ಹಾಕೋಳು ನಾನಲ್ಲ. ಏಳು ಪುಟ್ಟ, ಏನೇನು ಆಗ್ಬೇಕು ಹೇಳು."

* * *

ಪುಟ್ಟ ಕೂತ ಜಾಗ ಬಿಟ್ಟು ಏಳಲಿಲ್ಲ. ಗಿರಾಕಿಗಳ ಪುಟಗಳಿಗೆಲ್ಲ ಮೊದಲು ಅಗುಳಿ ಹಾಕಿದ. ಇನ್ನು ಮುಂದೆ ಪುಟ ತೆರೆಯಬೇಕಾದರೆ ಆ ಗಿರಾಕಿಯ ಫೋನಿಗೇ ಒಂದು ಗುಟ್ಟಿನ ಸಂಖ್ಯೆ ಹೋಗಬೇಕು, ಅದನ್ನು ಹೇಳಿದರೆ ಮಾತ್ರ ಬಾಗಿಲು. ಎಡಚಿಯ ಕಾಲದ ಪಾಸ್‌ವರ್ಡ್ ಹೋಯಿತು. ಒಬ್ಬೊಬ್ಬರಿಗೆ ಒಂದೊಂದು ಬಂತು, ಉದ್ದನೆಯದು. ಕನ್ನಡಿಯ ಚೀಟಿಯನ್ನು ಅತ್ತೆ ತಾವೇ ಕಿತ್ತು ನಾಲ್ಕು ಚೂರು ಮಾಡಿದರು. ಸೈಟಿನ ಇಡೀ ನಕಲನ್ನು ಅಂಗೈಯಗಲದ ಹಾರ್ಡ್ ಡಿಸ್ಕಿಗೆ ಇಳಿಸಿ ಕಂಪ್ಯೂಟರಿನಿಂದ ಬಿಡಿಸಿ, ಕೂದಲಿನ ಬೀರುವಿನೊಳಗೆ ಇಟ್ಟು ಬೀಗ ಹಾಕಿದರು. ಬಾಕಿಯಿದ್ದ ನಲವತ್ಮೂರು ಅಪ್‌ಡೇಟುಗಳು ಒಂದೊಂದಾಗಿ ಇಳಿಯತೊಡಗಿದವು.

"ಕೆಲಸ ಮುಗಿದ ಗಿರಾಕಿಯ ಫೋಟೋ ನಾವು ಯಾಕೆ ಇಟ್ಕೊಂಡಿದ್ದೀವಿ?" ಎಂದು ಕೇಳಿದರು ಅತ್ತೆ.

ಅಳತೆ ಮುಗಿದ ಮೇಲೆ ಫೋಟೋ ಯಾಕೆ ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪುಟ್ಟ ಅವನ್ನೂ, ಬೀರುವಿನ ನಕಲಿನಲ್ಲಿದ್ದವನ್ನೂ ಅಳಿಸಿದ.

ಸೊಸೆ ಸೈಟಿನ ಮುಖದ ಮೇಲೆ ತಾನೇ ನಾಲ್ಕು ಸಾಲು ಬರೆದಳು: "ನಮ್ಮ ಕಿಟಕಿ ತೆರೆದಿತ್ತು. ತಪ್ಪು ನಮ್ಮದೇ. ಕಿಟಕಿ ಮುಚ್ಚಿದ್ದೇವೆ. ಅಂಗಡಿ ಎಂದಿನಂತೆ ತೆರೆದಿರುತ್ತದೆ."

"ಆದ್ರೆ ಆ ಹನ್ನೊಂದು ಅವನ ಹತ್ರ ಇದ್ದೇ ಇದೆ," ಎಂದ ಪುಟ್ಟ.

"ಅದಕ್ಕೇ," ಎಂದರು ಅತ್ತೆ, "ಅವನು ಹೇಳೋಕೆ ಮುಂಚೆ ನಾವು ಹೇಳ್ತೀವಿ. ಫೋನ್ ಇತ್ತ ತಾ."

ಹನ್ನೊಂದು ಕರೆ. ಹನ್ನೊಂದು ಸಲವೂ ಅತ್ತೆ ಮೊದಲು ತಾವು ಯಾರೆಂದು ಹೇಳಿದರು, ಆಮೇಲೆ ತಪ್ಪು ಯಾರದೆಂದು ಹೇಳಿದರು, ಆಮೇಲೆ ಸುಮ್ಮನೆ ಕೇಳಿಸಿಕೊಂಡರು. ಬೇಕರಿಯವರು ಬಾಯಿಗೆ ಬಂದ ಹಾಗೆ ಬೈದು ಫೋನ್ ಕುಕ್ಕಿದರು. ಮೌನಿ ತನ್ನ ಹೆಸರಿಗೆ ತಕ್ಕಂತೆ ಐದು ನಿಮಿಷ ಏನೂ ಹೇಳದೆ ಅತ್ತಳು; ಅತ್ತೆ ಲೈನು ಬಿಡಲಿಲ್ಲ. ಹೊಸ ಮೇಷ್ಟ್ರು, "ಮಕ್ಕಳಿಗೆ ಹೇಗೆ ಮುಖ ತೋರಿಸ್ಲಿ," ಎಂದರು. ಅದಕ್ಕೆ ತನ್ನ ಹತ್ತಿರ ಉತ್ತರ ಇಲ್ಲ ಎಂದೇ ಅತ್ತೆ ಹೇಳಿದರು.

ಈಜು ಟೀಚರ್ ಮಾತ್ರ ಪೂರ್ತಿ ಕೇಳಿ, ದೊಡ್ಡದಾಗಿ ಉಸಿರು ಬಿಟ್ಟರು.

"ಅಂದ್ರೆ ನಾನು ಆ ಮುಖ ಹಾಕ್ಕೊಂಡು ಹೆದರ್ಕೊಂಡು ತೆಗೆಸಿದ್ದ ಫೋಟೋನಾ?"

"ಅದೇ ಕಣಮ್ಮ. ಕ್ಷಮಿಸು."

"ಅದು ಬೇಡ. ಅದ್ರಲ್ಲಿ ಕೊಳದಿಂದ ಎತ್ತಿದ ಬೆಕ್ಕಿನ ಹಾಗಿದ್ದೀನಿ. ತಡೀರಿ."

ಹತ್ತು ನಿಮಿಷಕ್ಕೆ ಅಂಗಡಿಯ ಫೋನಿಗೆ ಒಂದು ಚಿತ್ರ ಬಂತು. ಈಜುಕೊಳದ ಅಂಚು, ಮೈಯೆಲ್ಲ ನೀರು, ಬೋಳುತಲೆ ಬಿಸಿಲಿಗೆ ಹೊಳೆಯುತ್ತಿದೆ. ಹಿಂದೆ ಹದಿನೈದು ಮಕ್ಕಳು ಬಾಯಿ ತೆರೆದು ನೋಡುತ್ತಿದ್ದಾರೆ. ಕೆಳಗೆ ಒಂದು ಸಾಲು: "ಇದನ್ನ ನಾನೇ ಎಲ್ಲರಿಗೂ ಕಳಿಸಾಯ್ತು. ಈಗ ಅವನು ಏನು ಕಿತ್ಕೊಳ್ತಾನೋ ಕಿತ್ಕೊಳ್ಳಲಿ."

ಪುಟ್ಟ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಬೋಳುತಲೆಯನ್ನು ಒಮ್ಮೆ ಸವರಿಕೊಂಡು, "ಊಟ ಮುಗ್ಸಿ ಬರ್ತೀನಿ," ಎಂದು ಹೊರಟ.

* * *

ನಾಲ್ಕೂವರೆ. ಅಂಗಡಿಯಲ್ಲಿ ಅತ್ತೆ, ಸೊಸೆ, ಮರದ ತಲೆಗಳು.

"ಈಗ ಹೇಳು. ಇನ್ನೂರ ಹದಿನಾಲ್ಕು ಯಾರು?"

"ನೆನಪಿಲ್ಲ ಅಂದ್ನಲ್ಲ ಅತ್ತೆ."

"ನೀನು ಒಂದು ವರ್ಷದಿಂದ ಫ್ಯಾನಿಗೆ ಬೆನ್ನು ಕೊಟ್ಟು ಕೂರ್ತೀಯ. ಯಾರಾದ್ರೂ ಹಿಂದಿನಿಂದ ಬಂದ್ರೆ ಕೈ ಮೊದಲು ಕಿವಿ ಮೇಲಕ್ಕೆ ಹೋಗತ್ತೆ. ನಾನು ಕಿವಿಯಲ್ಲಿ ಬದುಕಿದವಳು, ಕಣ್ಣು ಸ್ವಲ್ಪ ಮಂದ. ಅದಕ್ಕೇ ಇಷ್ಟು ದಿನ ಹಿಡೀತು."

ಸೊಸೆ ಕಣ್ಣು ತಗ್ಗಿಸಲಿಲ್ಲ. ನೆಟ್ಟಗೆ ಅತ್ತೆಯನ್ನೇ ನೋಡುತ್ತ ಎರಡೂ ಕೈ ಎತ್ತಿದಳು. ಕಿವಿಯ ಹಿಂದಿನ ಎರಡು ಕ್ಲಿಪ್ಪು ಬಿಚ್ಚಿದಳು. ಕೂದಲನ್ನು ಎತ್ತಿ, ಮೇಜಿನ ಮೇಲೆ ಮಗುಚಿ ಇಟ್ಟಳು.

ಒಳಪಟ್ಟಿಯ ಮೇಲೆ ಕೆಂಪು ದಾರ. ಇನ್ನೂರ ಹದಿನಾಲ್ಕು. ಅತ್ತೆಯದೇ ಹೊಲಿಗೆ.

"ಕಾಯಿಲೆಯೇನಲ್ಲ, ಗಾಬರಿ ಬೀಳ್ಬೇಡಿ. ಕೂದಲು ಮಾತ್ರ ಹೋಯ್ತು, ಗುಂಪುಗುಂಪಾಗಿ. ಜೀವಕ್ಕೇನೂ ಇಲ್ಲ ಅಂದ್ರು ಡಾಕ್ಟರು." ಅವಳು ಮಗುಚಿದ ವಿಗ್ಗನ್ನು ಅತ್ತೆಯ ಕಡೆ ಸರಿಸಿದಳು. "ಬಂದವರಿಗೆಲ್ಲ ನಾಚಿಕೆ ಪಡ್ಬೇಡಿ ಅಂತ ಹೇಳೋಳು ನಾನು. ನನ್ನ ತಲೆ ನಿಮಗೆ ತೋರಿಸೋಕೆ ನನಗೇ ಆಗ್ಲಿಲ್ಲ."

ಅತ್ತೆ ಎದ್ದು ಬಂದರು. ಅವಳ ನೆತ್ತಿಯ ಮೇಲೆ ಅಂಗೈಯಿಟ್ಟರು. ಬೆಚ್ಚಗಿತ್ತು.

"ತಲೆ ಚೆನ್ನಾಗೇ ಇದೆ," ಎಂದರು. "ನಮ್ಮ ಪುಟ್ಟನ ತಲೆಗಿಂತ ದುಂಡಗಿದೆ."

ಸೊಸೆ ನಕ್ಕಳು, ಅತ್ತಳು, ಎರಡೂ ಒಟ್ಟಿಗೆ.

"ಇದು ನಿನ್ನ ತಲೆಯಿಂದ ಇಳಿದು ಯಾರ ಕೈಗೆ ಹೋಗಿತ್ತು? ಸರಿಯಾಗಿ ಯೋಚ್ನೆ ಮಾಡು. ಈ ನಂಬರು ನೋಡಿರೋರು ಯಾರು?"

"ಯಾರೂ ಇಲ್ಲ ಅತ್ತೆ. ಎಡಚಿಗೂ ಗೊತ್ತಿಲ್ಲ, ರಾತ್ರಿ ಹಗಲು ನಾನೇ ಕಟ್ಟಿದ್ದು. ಅವರೊಬ್ಬರಿಗೇ ಗೊತ್ತು. ಹೋದ ರಜೆಯಲ್ಲಿ ಬಂದಾಗ ಅವರೇ ತೊಳೆದು ಒಣಗಿಸಿ ಕೊಡ್ತಿದ್ರು."

ಅವರು ಎಂದರೆ ಅವಳ ಗಂಡ. ಅತ್ತೆಯ ಹಿರಿಯ ಮಗ. ಸರಕು ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೆ ಎರಡೇ ಸಲ ಮನೆ. ಪ್ರತಿ ಗುರುವಾರ ಸಂಜೆ ಐದಕ್ಕೆ ಹಡಗಿನ ಫೋನಿನಿಂದ ಒಂದು ಕರೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಬೆರಳು ಮಡಚಿ ತಿಂಗಳು ಎಣಿಸಿದರು.

"ಅವನು ನಡುಸಮುದ್ರದಲ್ಲಿದ್ದಾನೆ. ಬರೋಕೆ ಇನ್ನೂ ಎರಡು ತಿಂಗಳಿದೆ," ಎಂದರು. "ಇಣುಕಿದವನು ಇದೇ ಊರಲ್ಲಿದ್ದಾನೆ. ಅವನಲ್ಲ."

"ಅವರಲ್ಲ," ಎಂದಳು ಸೊಸೆಯೂ, ದೇವರಿಗೆ ಹೇಳಿದ ಹಾಗೆ.

ಐದಕ್ಕೆ ಒಂದು ನಿಮಿಷ ಇತ್ತು. ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಸೊಸೆ ಬರಿದಾದ ತಲೆಯಲ್ಲೇ, ಅದನ್ನು ಮುಚ್ಚಿಕೊಳ್ಳದೆ ಕೂತಿದ್ದಳು. ಅತ್ತೆ ಎತ್ತಿಕೊಂಡರು.

"ಅಮ್ಮಾ? ನಾನು."

"ಹೇಗಿದ್ದೀಯಪ್ಪ?"

"ಚೆನ್ನಾಗಿದ್ದೀನಿ. ಸುತ್ತ ನೀರೇ ನೀರು. ಅಂಗಡಿ ಹೇಗಿದೆ?"

ಅತ್ತೆ ಫೋನನ್ನು ಬಲಗಿವಿಗೆ ಒತ್ತಿಕೊಂಡರು. ಹಡಗಿನಿಂದ ಬರುವ ಮಾತು ಪ್ರತಿ ಗುರುವಾರವೂ ಒಂದು ಉಸಿರಿನಷ್ಟು ತಡವಾಗಿ ಬರುತ್ತಿತ್ತು. ಇವತ್ತು ಮಾತಿಗೆ ಮಾತು ಅಂಟಿಕೊಂಡೇ ಬಂದಿತ್ತು.

ಕಿಟಕಿಯಾಚೆ ಗೋಪುರದ ಗಡಿಯಾರ ಹೊಡೆಯತೊಡಗಿತು. ಒಂದು. ಎರಡು. ಮೂರನೆಯದು ಕೆಮ್ಮಿತು.

ಅದೇ ಗಳಿಗೆಯಲ್ಲಿ, ನಡುಸಮುದ್ರದಲ್ಲಿರಬೇಕಾದ ಫೋನಿನೊಳಗೂ ಅದು ಕೆಮ್ಮಿತು.

ನಾಲ್ಕು. ಐದು. ಎಡಗಿವಿಯಲ್ಲಿ ಊರು, ಬಲಗಿವಿಯಲ್ಲಿ ಮಗ. ಎರಡರಲ್ಲೂ ಒಂದೇ ಗಂಟೆ.

ಮೂವತ್ತನಾಲ್ಕು ವರ್ಷದ ಹಳೆಯ ದನಿ ಅತ್ತೆಯ ಗಂಟಲಿಗೆ ತಾನಾಗಿ ಬಂತು. ಅದರಲ್ಲಿ ತಾಯಿ ಇರಲಿಲ್ಲ.

"ಎಲ್ಲಿಂದ ಮಾತಾಡ್ತಿದ್ದೀರಿ?"

ಅವನು ಒಂದೇ ಮಾತು ಹೇಳಿದ, ಬಹಳ ಮೆಲ್ಲಗೆ.

"ದಯವಿಟ್ಟು."

ಅತ್ತೆ ಕಣ್ಣು ಮುಚ್ಚಿಕೊಂಡರು. ಕೇಳಿಸಿಕೊಂಡರು. ಮಗನ ಉಸಿರು ಅವರಿಗೆ ಅವನು ಹುಟ್ಟಿದ ದಿನದಿಂದ ಗೊತ್ತು.

ಆ ಲೈನಿನಲ್ಲಿ, ಅವನ ಮಗ್ಗುಲಲ್ಲೇ, ಇನ್ನೊಬ್ಬರ ಉಸಿರಿತ್ತು.